ಷಡ್ಡಕನ ಬೇರಿಂಗ್

ನೆಟ್ಟಗಿಲ್ಲದ ಯಾವುದನ್ನು ಕಂಡರೂ ಅವನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಗೋಡೆಯನ್ನು, ಮನೆಯವರ ಮುಖ ಆಮೇಲೆ. ಓರೆಯಾಗಿ ನೇತಾಡುವ ಪಟವೊಂದು ಕಣ್ಣಿಗೆ ಬಿದ್ದರೆ ಮುಗಿಯಿತು. ಎದ್ದು ಹೋಗಿ ಬೆರಳ ತುದಿಯಿಂದ ಸರಿಮಾಡಿ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲಷ್ಟೇ ‘ಮತ್ತೆ, ಎಲ್ಲ ಆರಾಮಾ?’ ಎನ್ನುತ್ತಿದ್ದ. ಒಮ್ಮೆ ಸಾವಿನ ಮನೆಯಲ್ಲಿ ಸತ್ತವರ ಫೋಟೋವನ್ನೇ ಹೀಗೆ ನೆಟ್ಟಗೆ ಮಾಡಲು ಹೋಗಿ ಹೆಂಡತಿಯಿಂದ ಚೆನ್ನಾಗಿ ಉಗಿಸಿಕೊಂಡಿದ್ದ. ಬೀದಿಯವರು ಅವನಿಗೆ ಮಟ್ಟಗೋಲಣ್ಣ ಎಂದು ಹೆಸರಿಟ್ಟರು. ಅದು ಬಾಯಿಂದ ಬಾಯಿಗೆ ಸವೆದು ಮಟ್ಟಣ್ಣ ಆಯಿತು. ಅವನಿಗೇನೂ ಬೇಜಾರಿರಲಿಲ್ಲ. ಒಳಗೊಳಗೇ ಬೀಗುತ್ತಿದ್ದ ಎಂದರೂ ನಡೆದೀತು.

ಅಂಗಡಿಯ ಹಿಂದೆ ಗಾಜು ಕೊಯ್ಯುವ ಹಜಾರ. ಅಲ್ಲಿನ ನೆಲಕ್ಕೆ ನೀರು ಚೆಲ್ಲಿದರೆ ಅದು ಯಾವ ಕಡೆಗೂ ಹರಿಯದೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿತ್ತು, ಅಷ್ಟು ಮಟ್ಟ. ಗಾರೆಯವನ ತಲೆ ತಿಂದು, ಎರಡು ಸಲ ಅಗೆಸಿ ಹಾಕಿಸಿದ ನೆಲ ಅದು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಹಳೆಯ ಕಟ್ಟು ಬಿಚ್ಚುವಾಗ ನಾಲ್ಕು ಮೂಲೆಗೂ ಗುರುತು ಹಾಕದೆ ಮೊಳೆ ಮುಟ್ಟುತ್ತಿರಲಿಲ್ಲ. ‘ಗುರುತು ಹಾಕದೆ ಬಿಚ್ಚೋನು ಮತ್ತೆ ಜೋಡಿಸೋದು ತನ್ನ ಹಣೆಬರಹಾನ’ ಎಂದು ಗಿರಾಕಿಗಳಿಗೆ ಉಪದೇಶ ಬೇರೆ. ಈ ಪೆನ್ಸಿಲಿನ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇಂಥ ಮನುಷ್ಯನಿಗೆ ಇದ್ದದ್ದು ಒಂದೇ ಕಾಯಿಲೆ. ಷಡ್ಡಕ.

ಹೆಂಡತಿಯ ತಂಗಿಯ ಗಂಡ. ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಮಕ್ಕಳನ್ನು ಓಡಿಸುವುದು, ಕುಣಿಸುವುದು, ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಅವನು ನಿಲ್ಲಿಸಿದ ಸಾಲು ಯಾವತ್ತೂ ನೆಟ್ಟಗಿರಲಿಲ್ಲ ಎಂಬುದು ಮಟ್ಟಣ್ಣನ ವಾದ. ಅಗಲ ಎದೆ, ಗಟ್ಟಿ ಗಂಟಲು, ನಕ್ಕರೆ ಪಾತ್ರೆ ಅಲುಗಬೇಕು. ಮನೆಗೆ ಬಂದ ಕೂಡಲೇ ಅತ್ತೆಯ ಕೈಯಿಂದ ಕೊಡ ಕಿತ್ತುಕೊಂಡು ನೀರು ತುಂಬುವುದೇನು, ಕೆಟ್ಟ ನಲ್ಲಿ ತಿರುಗಿಸುವುದೇನು, ಮಾವನ ಬೆನ್ನಿಗೆ ಎಣ್ಣೆ ಉಜ್ಜುವುದೇನು! ಮಟ್ಟಣ್ಣ ಹಿರಿಯಳಿಯ. ಆ ಮನೆಗೆ ಮೊದಲು ಕಾಲಿಟ್ಟವನು. ಆ ಮನೆಯ ಗೋಡೆಯ ಮೇಲಿನ ಅಷ್ಟೂ ಪಟಗಳಿಗೆ ಕಟ್ಟು ಹಾಕಿದವನು. ಆದರೂ ‘ನಮ್ಮ ಅಳಿಯ’ ಎಂದು ಮಾವ ಯಾರಿಗಾದರೂ ಹೇಳಿದರೆ, ಅದು ಯಾವ ಅಳಿಯ ಎಂದು ಯಾರೂ ಕೇಳುತ್ತಿರಲಿಲ್ಲ.

ಮಾವ ಒಂದು ಕಾಲದಲ್ಲಿ ವಿದ್ಯುತ್ ಕಂಬ ಹತ್ತಿ ತಂತಿ ಎಳೆದ ಲೈನ್‌ಮನ್. ಕೈಯಲ್ಲಿ ಸ್ಪ್ಯಾನರ್ ಹಿಡಿದವನೇ ಅವರ ಪಾಲಿಗೆ ಮನುಷ್ಯ. ಗಾಜು ಒರೆಸಿ ಕಟ್ಟು ಹಾಕುವುದು ಅವರಿಗೆ ಹೂ ಜೋಡಿಸಿದಷ್ಟೇ ಲೆಕ್ಕ. ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಹೇಳದಿದ್ದುದರಿಂದಲೇ ಮಟ್ಟಣ್ಣನಿಗೆ ಅದು ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.

ಎಲ್ಲಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಮಾವನ ನಿದ್ದೆ. ಷಡ್ಡಕನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಬೀದಿ ದಾಟುವುದರೊಳಗೆ ಮಾವ ಕಣ್ಣು ಮುಚ್ಚಿಬಿಡುತ್ತಿದ್ದರು. ಇಳಿಯುವ ಜಾಗ ಬಂದಾಗಲೇ ತೆರೆಯುವುದು. ಅದೇ ಮಟ್ಟಣ್ಣನ ಕಾರಿನಲ್ಲೋ, ಬಾಗಿಲಿನ ಮೇಲಿನ ಹಿಡಿಯನ್ನು ಒಮ್ಮೆ ಹಿಡಿದರೆಂದರೆ ಇಳಿಯುವ ತನಕ ಬಿಡುತ್ತಿರಲಿಲ್ಲ. ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ರಸ್ತೆಯನ್ನೇ ನೋಡುತ್ತ ಕೂರುತ್ತಿದ್ದರು. ಮಟ್ಟಣ್ಣ ಎಷ್ಟು ನಿಧಾನ ಓಡಿಸಿದರೂ, ಎಷ್ಟು ಮೆತ್ತಗೆ ಬ್ರೇಕ್ ಒತ್ತಿದರೂ ಆ ಕೈ ಕೆಳಗಿಳಿಯುತ್ತಿರಲಿಲ್ಲ. ಅವನ ಮೇಲೆ ಅಷ್ಟು ನಂಬಿಕೆ, ನನ್ನ ಮೇಲೆ ಇಷ್ಟೇನಾ ಎಂದು ಎಷ್ಟು ಸಲ ಹಲ್ಲು ಕಡಿದಿದ್ದನೋ. ಒಮ್ಮೆ ಬೇಕೆಂದೇ ಸೀಟಿಗೆ ಮೆತ್ತನೆಯ ದಿಂಬು ಇಟ್ಟು ನೋಡಿದ. ಮಾವ ಅದನ್ನು ಎತ್ತಿ ಹಿಂದಕ್ಕೆ ಎಸೆದರು.

ಹೀಗಿರುವಾಗ ಷಡ್ಡಕನ ಕಾರಿನ ಮುಂದಿನ ಬಲಚಕ್ರದಿಂದ ಗೊಂಯ್ ಎಂಬ ಸದ್ದು ಶುರುವಾಯಿತು. ಚಕ್ರದ ನಡುವಿನ ಬೇರಿಂಗ್ ಸವೆದರೆ ಬರುವ ಸದ್ದು. ಗ್ಯಾರೇಜಿಗೆ ಬಿಡುವ ಬದಲು ಆಸಾಮಿ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಮಾವನ ಮನೆಯ ಅಂಗಳದಲ್ಲೇ ಕಾರನ್ನು ಜಾಕ್ ಮೇಲೆ ಎತ್ತಿದ. ಅವತ್ತು ಮಟ್ಟಣ್ಣನೂ ಅಲ್ಲಿದ್ದ. ಹತ್ತಿರ ಹೋಗಿ ನೋಡಿದರೆ ಕಲಿಯಲು ಬಂದ ಹಾಗಾಗುತ್ತದಲ್ಲ, ಅದಕ್ಕೆ ಮೇಲಿನ ಕೋಣೆಯ ಕಿಟಕಿಯ ಚಿಲಕ ಸರಿಮಾಡುವ ನೆಪದಲ್ಲಿ ನಿಂತ. ಆ ಚಿಲಕಕ್ಕೆ ಏನೂ ಆಗಿರಲಿಲ್ಲ. ಕೆಳಗೆ ಷಡ್ಡಕ ಚಕ್ರ ಬಿಚ್ಚಿದ, ನಡುವಿನ ದಪ್ಪ ನಟ್ ಬಿಚ್ಚಿದ, ಚಕ್ರ ಕೂರುವ ನಡುವಿನ ಗುಂಭವನ್ನು ಶಾಕ್ ಅಬ್ಸಾರ್ಬರಿನ ಕಾಲಿಗೆ ಹಿಡಿದಿಡುವ ಎರಡು ದಪ್ಪ ಬೋಲ್ಟ್‌ಗಳನ್ನು ಸುತ್ತಿಗೆಯಿಂದ ಬಡಿದು ಎಳೆದ. ಲೇತ್ ಅಂಗಡಿಗೆ ಹೋಗಿ ಹಳೆ ಬೇರಿಂಗ್ ಒತ್ತಿಸಿ ತೆಗೆಸಿ ಹೊಸದು ಕೂರಿಸಿಕೊಂಡು ಬಂದ. ಮತ್ತೆ ಎಲ್ಲ ಜೋಡಿಸಿದ. ಮಟ್ಟಣ್ಣ ಒಂದನ್ನೂ ಬಿಡದೆ ಕಣ್ಣಲ್ಲೇ ನುಂಗಿದ. ಸದ್ದು ನಿಂತಿತು. ಮಾವ ಷಡ್ಡಕನ ಬೆನ್ನು ತಟ್ಟಿದ ಶಬ್ದ ಮೇಲಿನ ಕಿಟಕಿಯ ತನಕ ಬಂತು.

ಅದಾದ ಮೇಲೆ ಮಟ್ಟಣ್ಣನಿಗೆ ಒಂದೇ ಆಸೆ. ತನ್ನ ಕಾರಿನ ಬೇರಿಂಗೂ ಹೋಗಬೇಕು! ಎಲ್ಲರೂ ಕಾರು ಕೆಡದಿರಲಿ ಎಂದು ಬಯಸಿದರೆ ಇವನು ಕೆಡಲಿ ಎಂದು ಕಿವಿ ನಿಮಿರಿಸಿಕೊಂಡು ಓಡಿಸುತ್ತಿದ್ದ. ಕಿಟಕಿ ಇಳಿಸಿ ಗೋಡೆಯ ಪಕ್ಕ ಓಡಿಸಿದರೆ ಸದ್ದು ಚೆನ್ನಾಗಿ ಕೇಳುತ್ತದೆಂದು ಯಾರೋ ಹೇಳಿದ್ದರು. ಉದ್ದ ಗೋಡೆಯ ಬೀದಿಗಳನ್ನೇ ಹುಡುಕಿಕೊಂಡು ಹೋದ. ಏನೂ ಇಲ್ಲ. ದರಿದ್ರ ಕಾರು, ಗಟ್ಟಿಮುಟ್ಟಾಗಿ ಓಡುತ್ತಿತ್ತು. ತಿಂಗಳುಗಳು ಉರುಳಿದ ಮೇಲೆ ಒಂದು ಮಧ್ಯಾಹ್ನ ಗಾಜಿನ ಹಲಗೆಗಳನ್ನು ತರುವಾಗ ಮುಂದಿನ ಬಲಚಕ್ರದಿಂದ ಸಣ್ಣಗೆ ಗೊಂಯ್ ಅಂದಿತು. ಕಾರು ನಿಲ್ಲಿಸಿ, ಇಳಿದು, ಆ ಚಕ್ರವನ್ನು ಎಮ್ಮೆಯ ಬೆನ್ನು ಸವರಿದ ಹಾಗೆ ಸವರಿದ.

ಕೆಲಸ ನಡೆದದ್ದು ಗಾಜಿನ ಹಜಾರದಲ್ಲಿ, ಬಾಗಿಲು ಹಾಕಿಕೊಂಡು. ಹೆಜ್ಜೆ ಹೆಜ್ಜೆಗೂ ಷಡ್ಡಕ ಮಾಡಿದ್ದನ್ನೇ ಮಾಡಿದ. ಆ ಎರಡು ದಪ್ಪ ಬೋಲ್ಟ್ ಬಿಚ್ಚುವ ಹೊತ್ತಿಗೆ ಅಭ್ಯಾಸದಂತೆ ಕೈ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು. ಎಲ್ಲಿತ್ತೋ ಅಲ್ಲಿಗೊಂದು ಗೆರೆ ಎಳೆದುಕೊಳ್ಳೋಣ ಎಂದು. ಅಷ್ಟರಲ್ಲಿ ಒಳಗಿನ ಕಿಚ್ಚು ಮಾತಾಡಿತು: ಅವನು ಗುರುತು ಹಾಕಿದ್ದನಾ? ಇಲ್ಲ. ಅವನಿಗೆ ಬೇಡವಾದ ಗೆರೆ ನನಗ್ಯಾಕೆ? ನಾನೇನು ಅವನಿಗಿಂತ ಕಡಿಮೆಯಾ? ಪೆನ್ಸಿಲ್ ಮತ್ತೆ ಕಿವಿಗೇ ಹೋಯಿತು. ಜೀವಮಾನದಲ್ಲಿ ಮೊದಲ ಸಲ ಮಟ್ಟಣ್ಣ ಗುರುತು ಹಾಕದೆ ಬಿಚ್ಚಿದ.

ಸದ್ದು ಹೋಯಿತು. ಬಟ್ಟೆಗೆ ಅಂಟಿದ ಗ್ರೀಸನ್ನೂ ಒರೆಸಿಕೊಳ್ಳದೆ ಸೀದಾ ಮಾವನ ಮನೆಗೆ ಓಡಿಸಿದ. ದಾರಿಯಲ್ಲಿ ಕಾರು ಸ್ವಲ್ಪ ಎಡಕ್ಕೆ ಎಳೆದ ಹಾಗನ್ನಿಸಿತು, ರಸ್ತೆಯೇ ಹಾಗಿರಬೇಕು ಎಂದುಕೊಂಡ. ಅಂಗಳದಲ್ಲಿ ನಿಂತು, ಮೇಷ್ಟ್ರು ಮಾಡಿದ ಹಾಗೇ ನಾನೂ ಮನೆಯಲ್ಲೇ ಮಾಡಿದೆ, ಬೋಲ್ಟು ಸಮೇತ ಎಲ್ಲ ಅದೇ ರೀತಿ ಎಂದು ಡಂಗುರ ಸಾರಿದ. ಮಾವ ಕಾರನ್ನು ಒಂದು ಸುತ್ತು ಹಾಕಿದರು. ಟೈರಿಗೆ ಬೆರಳ ಗೆಣ್ಣಿನಿಂದ ಕುಟ್ಟಿದರು.

“ಪರವಾಗಿಲ್ಲ ಕಣೋ. ನಿನಗೂ ಕೈ ಇದೆ” ಎಂದರು.

ಆ ಮನೆಯ ಅಳಿಯನಾದ ಮೇಲೆ ಮಾವನ ಬಾಯಿಂದ ಬಂದ ಮೊದಲ ಹೊಗಳಿಕೆ. ಮಟ್ಟಣ್ಣ ಅದನ್ನು ಮನೆಗೆ ತಂದು, ಕಟ್ಟು ಹಾಕಿ ಎದೆಯೊಳಗೆ ನೇತುಹಾಕಿಕೊಂಡ.

ಮರುದಿನ ಬೆಳಗ್ಗೆ ಅಗಲ ರಸ್ತೆಗಿಳಿದಾಗ ವಿಷಯ ಗೊತ್ತಾಯಿತು. ಕಾರು ನೇರ ಹೋಗಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ಎಳೆದು ಹಿಡಿದಿರಬೇಕು. ಹಾಗೆ ಹಿಡಿದರೆ ಸ್ಟೀರಿಂಗಿನ ಅಡ್ಡಪಟ್ಟಿ ಓರೆ. ಯಾರೋ ಗಡಿಬಿಡಿಯಲ್ಲಿ ನೇತುಹಾಕಿದ ಪಟದ ಹಾಗೆ ಕಣ್ಣೆದುರಿಗೇ ಓರೆ! ಅದನ್ನು ನೆಟ್ಟಗೆ ಮಾಡಿದರೆ ಕಾರು ಮೆಲ್ಲಗೆ ಎಡದ ಚರಂಡಿಯತ್ತ ಹೊರಡುತ್ತಿತ್ತು. ಊರಿನವರ ಗೋಡೆಗಳನ್ನೆಲ್ಲ ತಿದ್ದುವ ಮನುಷ್ಯ ಈಗ ದಿನವೂ ಆ ಓರೆ ಪಟ್ಟಿಯನ್ನು ಮುಖದೆದುರಿಗೆ ಇಟ್ಟುಕೊಂಡು ಓಡಾಡಬೇಕಾಯಿತು. ಪಕ್ಕದಲ್ಲಿ ಹೆಂಡತಿ ಕೂತಿದ್ದರೆ ಕೈಯನ್ನು ಪಟ್ಟಿಯ ಮೇಲೆ ಅಡ್ಡ ಇಟ್ಟು ಮುಚ್ಚುತ್ತಿದ್ದ.

ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಮುಗಿಯುವ ಕೆಲಸ. ಆದರೆ ಆ ಅಂಗಡಿಯವನು ದಿನವೂ ಬೆಳಗ್ಗೆ ಷಡ್ಡಕನ ಜೊತೆ ಮೈದಾನದಲ್ಲಿ ಓಡುವವನು. ಇವನ ಕಾರು ಅಲ್ಲಿ ನಿಂತರೆ ಸಂಜೆಯೊಳಗೆ ಮಾವನ ಕಿವಿಗೆ ಬೀಳುತ್ತದೆ. ‘ಮೇಷ್ಟ್ರದು ಸರಿಹೋಯ್ತು, ಇವನದು ಸೊಟ್ಟಗಾಯ್ತಂತೆ.’ ಸತ್ತರೂ ಬೇಡ. ತಾನೇ ಹುಡುಕಬೇಕು ಎಂದು ಹಟ ತೊಟ್ಟ.

ಮೊದಲು ಗಾಳಿ ನೋಡಿದ. ನಾಲ್ಕು ಚಕ್ರಕ್ಕೂ ಸಮ ಇತ್ತು. ಟೈರಿನ ದೋಷವಿರಬಹುದೆಂದು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿದ. ಟೈರಿನದೇ ಚೇಷ್ಟೆಯಾಗಿದ್ದರೆ ಎಳೆತ ಬಲಕ್ಕೆ ತಿರುಗಬೇಕಿತ್ತು. ಕಾರು ಮಾತ್ರ ಮೊಂಡು ದನದ ಹಾಗೆ ಎಡಕ್ಕೇ ಎಳೆಯಿತು. ಬ್ರೇಕ್ ಹಿಡಿದುಕೊಂಡಿರಬಹುದೇ? ದೂರ ಓಡಿಸಿ ಬಂದು ಎರಡೂ ಚಕ್ರದ ನಡುವಿಗೆ ಕೈ ಹತ್ತಿರ ಒಯ್ದು ನೋಡಿದ. ಎರಡೂ ಒಂದೇ ಸಮ ಬಿಸಿ. ಹೊಸ ಬೇರಿಂಗೇ ಸಡಿಲವೇ? ಚಕ್ರವನ್ನು ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಕಮಕ್ ಕಿಮಕ್ ಎನ್ನಲಿಲ್ಲ.

ಆ ಶನಿವಾರ ಸಂಜೆ, ಬೇಜಾರಿನಿಂದ ಹಜಾರದಲ್ಲಿ ಕುಳಿತು ಕಾರನ್ನೇ ನೋಡುತ್ತಿದ್ದಾಗ, ಗೋಡೆಯ ಪಟ ಅಳೆಯುವ ಅವನ ಕಣ್ಣು ತಾನಾಗಿ ತೆರೆದುಕೊಂಡಿತು. ಇಷ್ಟು ದಿನ ಮೆಕ್ಯಾನಿಕ್ಕಿನ ಹಾಗೆ ನೋಡಲು ಹೆಣಗುತ್ತಿದ್ದ, ಈಗ ಕಟ್ಟು ಹಾಕುವವನ ಹಾಗೆ ನೋಡಿದ. ಒಂದು ಕಣ್ಣು ಮುಚ್ಚಿದ. ಬಲಚಕ್ರ ನೆಟ್ಟಗೆ ನಿಂತಿರಲಿಲ್ಲ! ತೂಗುಗುಂಡು ತಂದು ದಾರವನ್ನು ಚಕ್ರದ ಪಕ್ಕಕ್ಕೆ ಇಳಿಬಿಟ್ಟ. ಎಡಚಕ್ರದಲ್ಲಿ ದಾರಕ್ಕೂ ಚಕ್ರದ ಅಂಚಿಗೂ ಮೇಲೆ ಕೆಳಗೆ ಹೆಚ್ಚುಕಡಿಮೆ ಒಂದೇ ಸಂದು. ಬಲಚಕ್ರದಲ್ಲಿ ಕೆಳಗೆ ಬೆರಳೂ ತೂರದು, ಮೇಲೆ ಹೆಬ್ಬೆರಳೇ ತೂರುತ್ತಿತ್ತು. ಚಕ್ರದ ನೆತ್ತಿ ಒಳಕ್ಕೆ ವಾಲಿತ್ತು.

ಚಕ್ರ ಬಿಚ್ಚಿ ದೀಪ ಹಿಡಿದು ನೋಡಿದಾಗ ಕಾರಣವೂ ಸಿಕ್ಕಿತು. ಆ ಎರಡು ದಪ್ಪ ಬೋಲ್ಟ್‌ಗಳಲ್ಲಿ ಮೇಲಿನದರ ತೂತು ದುಂಡಗಿರಲಿಲ್ಲ, ಉದ್ದಕ್ಕಿತ್ತು. ಚಕ್ರ ಸ್ವಲ್ಪ ಒಳಕ್ಕೋ ಹೊರಕ್ಕೋ ವಾಲಲಿ ಎಂದೇ ಬಿಟ್ಟ ಜಾಗ. ಬಿಚ್ಚುವ ಮೊದಲು ಎಲ್ಲಿತ್ತೋ ಅಲ್ಲಿಗೇ ತಂದು ಬಿಗಿಯಬೇಕು. ಎಲ್ಲಿತ್ತು ಎಂದು ತಿಳಿಯಲು ಗುರುತು ಇರಬೇಕು. ಗುರುತು ಹಾಕಬೇಕಾದ ಪೆನ್ಸಿಲ್ ಕಿವಿಯ ಮೇಲೆ ಹಾಯಾಗಿ ಕುಳಿತಿತ್ತು.

ನಾಚಿಕೆಯಾಗಬೇಕಿತ್ತು. ಆಯಿತೇ? ಅದಕ್ಕೆ ಮೊದಲೇ ಬೇರೊಂದು ಯೋಚನೆ ಮಿಂಚಿನ ಹಾಗೆ ಹೊಕ್ಕಿತು. ಷಡ್ಡಕನೂ ಗುರುತು ಹಾಕಿರಲಿಲ್ಲ! ಕಿಟಕಿಯಿಂದ ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಅವನದೂ ಸೊಟ್ಟವೇ! ಮಟ್ಟಣ್ಣನಿಗೆ ಆದ ಖುಷಿ ಹೇಳತೀರದು. ಆ ಸಂಜೆ ತನ್ನ ಕಾರು ಸರಿಮಾಡುವುದನ್ನೂ ಮರೆತು, ಚಕ್ರವನ್ನು ಇದ್ದ ಹಾಗೆಯೇ ಹಾಕಿ, ಶಿಳ್ಳೆ ಹೊಡೆಯುತ್ತ ಮನೆಗೆ ಹೋದ. “ಏನು, ಮೈಮೇಲೆ ಜ್ಞಾನ ಇದೆಯಾ?” ಎಂದು ಹೆಂಡತಿ ಕೇಳಿದಳು.

ಭಾನುವಾರ ಎಲ್ಲರೂ ಮಾವನ ಮನೆಯಲ್ಲಿದ್ದರು. ಮರುದಿನ ಬೆಳಗ್ಗೆ ಷಡ್ಡಕ ತನ್ನ ಕಾರಿನಲ್ಲಿ ಮಾವ, ಅತ್ತೆ ಮತ್ತು ಮಟ್ಟಣ್ಣನ ಹೆಂಡತಿಯನ್ನು ಬೆಟ್ಟದಾಚೆಯ ಊರಿಗೆ, ಅತ್ತೆಯ ಅಕ್ಕನ ಮನೆಗೆ ಕರೆದೊಯ್ಯುವುದಿತ್ತು. ನಾದಿನಿಗೆ ಬೆಟ್ಟದ ತಿರುವು ಆಗಿಬರದು, ಹೊಟ್ಟೆ ತೊಳಸುತ್ತದೆ, ಅವಳು ಹೋಗುವವಳಲ್ಲ. ಮಟ್ಟಣ್ಣನನ್ನೂ ಕರೆದಿದ್ದರು. ‘ಅಂಗಡಿ ಇದೆ’ ಎಂದಿದ್ದ. ಅಂಗಡಿ ಇದ್ದದ್ದು ನಿಜ. ಷಡ್ಡಕನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಮಾವನ ನಿದ್ದೆ ನೋಡುವ ಶಕ್ತಿ ಇರಲಿಲ್ಲ ಎಂಬುದು ಇನ್ನೂ ನಿಜ.

ಒಳಗೆ ಚಹಾದ ಗದ್ದಲ ನಡೆದಿದ್ದಾಗ ಮಟ್ಟಣ್ಣ ಮೆಲ್ಲಗೆ ಅಂಗಳಕ್ಕೆ ಜಾರಿದ. ಷಡ್ಡಕನ ಕಾರಿನ ಬಲಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಹೊರಗಿನಿಂದ ಟೈರು ಹೊಸದರ ಹಾಗೇ ಇತ್ತು. ಕೈಯನ್ನು ಒಳಬದಿಗೆ ತೂರಿಸಿ ಸವರಿದ. ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ರಕ್ತ. ತಲೆ ನೆಲಕ್ಕಿಟ್ಟು ಬಗ್ಗಿ ನೋಡಿದ. ಟೈರಿನ ಒಳ ಅಂಚು ಸವೆದು, ರಬ್ಬರ್ ಹರಿದು, ಒಳಗಿನ ತಂತಿ ಹೊರಗೆ ಬಂದಿತ್ತು. ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ನಾಳೆ ಬೆಟ್ಟದ ತಿರುವಿನಲ್ಲೂ ಸಿಡಿಯಬಹುದು.

ಖುಷಿಪಡಲು ಬಂದಿದ್ದವನು ಖುಷಿಯನ್ನೂ ಮರೆತು ರಕ್ತದ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಒಳಗೆ ಹೋಗಿ ಹೇಳಬೇಕು. ಹೇಳಿದರೆ? ಮಾವ ಲೈನ್‌ಮನ್, ಒಂದು ಕಂಬದಲ್ಲಿ ದೋಷ ಕಂಡರೆ ಪಕ್ಕದ ಕಂಬವನ್ನೂ ಹತ್ತಿ ನೋಡುವ ಜಾತಿ. ‘ನೀನೂ ಅವನ ಹಾಗೇ ಮಾಡಿದ್ದಲ್ವಾ, ನಿನ್ನದನ್ನೂ ತೋರಿಸು’ ಎನ್ನುತ್ತಾರೆ. ಬೋಲ್ಟು ಸಮೇತ ಅದೇ ರೀತಿ ಎಂದು ತಾನೇ ಡಂಗುರ ಹೊಡೆದಾಗಿದೆ. ಷಡ್ಡಕನನ್ನು ಮುಳುಗಿಸಬೇಕಾದರೆ ತಾನೂ ಮುಳುಗಬೇಕು. ‘ನಿನಗೂ ಕೈ ಇದೆ’ ಎಂಬ ಒಂದೇ ಒಂದು ಮಾತು, ಅದನ್ನು ಬಿಚ್ಚಿ ವಾಪಸು ಕೊಡಬೇಕು.

ಆಗ ಅವನಿಗೊಂದು ಹಾಳು ಉಪಾಯ ಹೊಳೆಯಿತು. ಟೈರಿನ ಗಾಳಿ ಬಿಟ್ಟುಬಿಟ್ಟರೆ? ಬೆಳಗ್ಗೆ ಪಂಕ್ಚರ್ ಎಂದು ಚಕ್ರ ಬದಲಾಯಿಸುತ್ತಾರೆ, ಅದು ಅವರ ಪಾಡು, ತನ್ನ ಮಾನ ತನ್ನ ಹತ್ತಿರವೇ ಇರುತ್ತದೆ. ಗಾಳಿ ತೂತಿನ ಮುಚ್ಚಳ ತಿರುಗಿಸಿ ಉಗುರು ಇಟ್ಟ. ಹಿಸ್ಸ್ ಎಂದಿತು.

“ಗಾಳಿ ಹಾಕ್ತಿದೀರೋ, ತೆಗೀತಿದೀರೋ?”

ಹಿಂದೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ನಾಳೆಯ ಬಟ್ಟೆಯ ಚೀಲ.

“ಏನಿಲ್ಲ… ಸುಮ್ನೆ ನೋಡ್ತಿದ್ದೆ.”

“ನೋಡಿದ್ದಾದ್ರೆ ಈ ಚೀಲಾನ ಆ ಕಾರಿನ ಹಿಂದೆ ಇಟ್ಬಿಡಿ. ಬೆಳಗ್ಗೆ ಗಡಿಬಿಡಿ ಆಗುತ್ತೆ” ಎಂದು ಚೀಲವನ್ನು ಅವನ ಕೈಗೆ ಕೊಟ್ಟು ಒಳಗೆ ನಡೆದಳು.

ಮಟ್ಟಣ್ಣ ಚೀಲ ಹಿಡಿದು ನಿಂತ. ಅವಳು ಯಾವಾಗಲೂ ಉಡುವ ನೀಲಿ ಸೀರೆಯ ಅಂಚು ಚೀಲದ ಬಾಯಿಂದ ಇಣುಕುತ್ತಿತ್ತು. ಡಿಕ್ಕಿ ತೆರೆದ. ಚೀಲ ಇಡಲು ಬಗ್ಗಿದ. ಇಡಲಾಗಲಿಲ್ಲ. ಬದಲಿ ಚಕ್ರದ ಜಾಗದಲ್ಲಿ ಫುಟ್‌ಬಾಲುಗಳ ಬಲೆಯೊಂದು ಕುಳಿತಿತ್ತು, ಚಕ್ರವೇ ಇರಲಿಲ್ಲ. ಗಾಳಿ ಬಿಟ್ಟರೂ ಮತ್ತೆ ತುಂಬಿಸಿಕೊಂಡು ಇದೇ ಟೈರಿನಲ್ಲೇ ಹೊರಡುತ್ತಾರೆ. ಚೀಲವನ್ನು ಎದೆಗವಚಿಕೊಂಡು ಒಳಗೆ ಹೋಗಿ, ಎಲ್ಲರ ಮಾತಿನ ನಡುವೆಯೇ ಹೇಳಿದ.

“ನಾಳೆ ಆ ಕಾರು ಹೋಗೋದು ಬೇಡ.”

ಮಾವ ಲೋಟ ಕೆಳಗಿಟ್ಟರು. ಮಟ್ಟಣ್ಣ ಹೇಳಲು ಶುರುಮಾಡಿದವನು ನಿಲ್ಲಿಸಲಿಲ್ಲ. ಟೈರಿನ ತಂತಿ, ವಾಲಿದ ಚಕ್ರ, ಉದ್ದ ತೂತು, ಎಲ್ಲ. ಹೇಗೆ ಗೊತ್ತಾಯಿತೆಂದರೆ ನನ್ನದೂ ಹಾಗೇ ಆಗಿದೆ. ಸ್ಟೀರಿಂಗ್ ಓರೆ. ಕಿಟಕಿಯಲ್ಲಿ ನಿಂತು ಕದ್ದು ನೋಡಿ ಕಲಿತದ್ದು. ಚಿಲಕಕ್ಕೆ ಏನೂ ಆಗಿರಲಿಲ್ಲ. ಈಗ ಷಡ್ಡಕನ ಮುಖ ಹುಳ್ಳಗಾಗುತ್ತದೆ, ಅದೊಂದಾದರೂ ಸಮಾಧಾನ ಎಂದು ಅವನ ಕಡೆ ನೋಡಿದ.

ಷಡ್ಡಕ ತೊಡೆ ತಟ್ಟಿ ನಕ್ಕ. ಪಾತ್ರೆಗಳು ಅಲುಗಿದವು.

“ಅಯ್ಯೋ ಅಣ್ಣಾ! ನಂದೂ ಎಡಕ್ಕೆ ಎಳೀತಾನೇ ಇತ್ತು. ನಾನು ಈ ಊರಿನ ರಸ್ತೆಗಳೇ ಸೊಟ್ಟ ಅಂದ್ಕೊಂಡಿದ್ದೆ! ಗುರುತು ಗಿರುತು ಯಾರಿಗೆ ಗೊತ್ತಿತ್ತು? ವಿಡಿಯೋದಲ್ಲಿ ಅವನು ಹೇಳ್ತಿದ್ದಾಗ ನಾನು ಬಾಳೆಹಣ್ಣು ತಿನ್ನೋಕೆ ಹೋಗಿದ್ದೆ ಅನ್ಸುತ್ತೆ.”

ಎಲ್ಲರೂ ನಕ್ಕರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ‘ಇವರದ್ದೊಂದು’ ಎಂದು ನಾದಿನಿ ಗಂಡನ ತಲೆಗೆ ಮೊಟಕಿದಳು. ಮಟ್ಟಣ್ಣ ಅಷ್ಟು ಕಷ್ಟಪಟ್ಟು ಬಾಯಿಬಿಟ್ಟ ತಪ್ಪನ್ನು ಷಡ್ಡಕ ಹಲ್ಲಿಗೆ ಸಿಕ್ಕ ಕಡ್ಡಿಯ ಹಾಗೆ ತೆಗೆದು ಉಗಿದ, ಅದಕ್ಕೂ ಅವನನ್ನೇ ಮುದ್ದು ಮಾಡಿದರು. ಸೋಲುವುದರಲ್ಲೂ ಅವನೇ ಮುಂದೆ! ಮಟ್ಟಣ್ಣನಿಗೆ ಚೀಲ ಬಿಸಾಡಿ ಹೊರಟುಹೋಗೋಣ ಎನ್ನಿಸಿತು.

ನಗದೆ ಕುಳಿತಿದ್ದವರು ಮಾವ ಒಬ್ಬರೇ. ಅವರು ಒಬ್ಬನಿಂದ ಇನ್ನೊಬ್ಬನಿಗೆ ಕಣ್ಣು ಹಾಯಿಸಿದರು.

“ಗುರುತು ಹಾಕದೆ ಬಿಚ್ಚಿದ್ರಾ? ಇಬ್ರೂ?” ಎಂದರು. ಆಮೇಲೆ ಮಟ್ಟಣ್ಣನನ್ನು ಮಾತ್ರ ನೋಡಿ, “ನೀನೂ? ಕಿವೀಲಿ ಪೆನ್ಸಿಲ್ ಇಟ್ಕೊಂಡು?”

ಮಟ್ಟಣ್ಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಅವನ ಕಾರನ್ನು ಗಾಜಿನ ಹಜಾರಕ್ಕೆ ತಂದರು. ಮಾವ ಸ್ಟೂಲ್ ಹಾಕಿಕೊಂಡು ಕುಳಿತರು. ಮಟ್ಟಣ್ಣ ಮೊದಲು ಈಗಿರುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ, ಆಮೇಲೆ ಬೋಲ್ಟ್ ಸಡಿಲಿಸಿದ. ಷಡ್ಡಕ ತನ್ನ ದೊಡ್ಡ ಕೈಗಳಿಂದ ಚಕ್ರದ ಗುಂಭವನ್ನು ಕೂದಲೆಳೆಯಷ್ಟು ಹೊರಕ್ಕೆ ತಳ್ಳಿ ಬಿಗಿದ. ಕಾರನ್ನು ನೆಲಕ್ಕಿಳಿಸಿ, ಹಿಂದೆ ಮುಂದೆ ಉರುಳಿಸಿ, ಮತ್ತೆ ದಾರ ಇಳಿಬಿಟ್ಟರು. ಹೆಚ್ಚಾಯಿತು. ಮತ್ತೆ ಎತ್ತು, ಮತ್ತೆ ಗೆರೆ. ಷಡ್ಡಕ ಒಂದೇ ಸಮ ಮಾತಾಡಿದ, ಮಟ್ಟಣ್ಣ ಒಂದೇ ಸಮ ಮುಖ ಗಂಟಿಕ್ಕಿದ. ಎರಡೂ ಚಕ್ರಗಳ ಸಂದು ಸಮವಾದಾಗ ಬೆಳಕು ಇಳಿಯುತ್ತಿತ್ತು. ಅಗಲ ರಸ್ತೆಗೆ ಒಯ್ದು ಸ್ಟೀರಿಂಗ್ ಬಿಟ್ಟು ನೋಡಿದ. ಕಾರು ನೇರ ಹೋಯಿತು. ಅಡ್ಡಪಟ್ಟಿ ನೆಟ್ಟಗಿತ್ತು. ಷಡ್ಡಕನ ಕಾರಿಗೆ ಟೈರೇ ಬೇಕಿತ್ತು, ಭಾನುವಾರ ಟೈರಿನ ಅಂಗಡಿ ತೆರೆದಿರಲಿಲ್ಲ. ಹೀಗಾಗಿ ಬೆಟ್ಟದಾಚೆಗೆ ಹೊರಡುವ ಕಾರು ಮಟ್ಟಣ್ಣನದಾಯಿತು. ಅಂಗಡಿಗೆ ಬೀಗ ಬಿತ್ತು.

ಬೆಳಗ್ಗೆ ಮಾವ ಮುಂದಿನ ಸೀಟಿಗೆ ಕುಳಿತರು. ಹಿಂದೆ ಅತ್ತೆ, ಹೆಂಡತಿ, ಷಡ್ಡಕ. ಮಟ್ಟಣ್ಣ ಗಾಡಿ ಶುರುಮಾಡಿ ಓರೆಗಣ್ಣಿನಲ್ಲಿ ನೋಡಿದ. ಮಾವನ ಕೈ ಮೇಲೆದ್ದು ಬಾಗಿಲಿನ ಮೇಲಿನ ಹಿಡಿಯನ್ನು ಹಿಡಿಯಿತು. ಇವತ್ತೂ! ಬಯಲು ದಾಟಿದರು, ಬೆಟ್ಟದ ಬುಡ ಬಂತು, ತಿರುವುಗಳು ಶುರುವಾದವು. ಕಾರು ದಾರದ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಕೈ ಇಳಿಯಲಿಲ್ಲ. ಕಣ್ಣು ಮುಚ್ಚಲಿಲ್ಲ. ಹಿಂದಿನ ಸೀಟಿನ ಮಾತು ನಗು ನಿಧಾ‌ನಕ್ಕೆ ನಿಂತಿತ್ತು. ಮಟ್ಟಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದು ಹೊರಗೆ ಬಂದೇಬಿಟ್ಟಿತು.

“ಮಾವ, ಅವನ ಕಾರಲ್ಲಿ ಕೂತ ಕೂಡ್ಲೇ ನಿದ್ದೆ ಮಾಡ್ತೀರಿ. ನನ್ನ ಕಾರಲ್ಲಿ ಮಾತ್ರ ಈ ಹಿಡೀನ ಬಿಡೋದೇ ಇಲ್ಲ. ನಾನು ಓಡಿಸೋದು ಅಷ್ಟು ಕೆಟ್ಟದಾಗಿದೆಯಾ?”

ಮಾವ ಅವನನ್ನು ಬೆಪ್ಪನನ್ನು ನೋಡುವ ಹಾಗೆ ನೋಡಿದರು.

“ನಿದ್ದೆನಾ? ಅವನ ಕಾರಲ್ಲಾ? ಕಣ್ಣು ಮುಚ್ಕೊಂಡಿರ್ತೀನಿ ಮಾರಾಯ. ಅವನು ನುಗ್ಗಿಸೋ ರೀತಿ ನೋಡಿದ್ರೆ ಜೀವ ಬಾಯಿಗೆ ಬರುತ್ತೆ. ಕಣ್ಣು ಬಿಡೋದು ಇಳಿಯೋವಾಗ್ಲೇ.”

“ಮತ್ತೆ ಈ ಹಿಡಿ?”

“ಕಂಬ ಹತ್ತಿ ಹತ್ತಿ ಈ ಭುಜ ಹೋಗಿದೆ. ಕೈ ಮೇಲೆ ಎತ್ತಿ ಇಟ್ರೆ ನೋವು ಇರಲ್ಲ. ಅವನ ಕಾರಲ್ಲಿ ಹಿಡಿ ಎಲ್ಲಿದೆ? ಎಂದೋ ಕಿತ್ತು ಹಾಕಿದಾನೆ. ನಿನ್ನ ಕಾರಲ್ಲೇ ಹಾಯಾಗಿ ಕೈ ಇಟ್ಕೊಂಡು ದಾರಿ ನೋಡೋದು.” ಇನ್ನೊಂದು ಕೈಯಿಂದ ಆ ಭುಜವನ್ನು ಒತ್ತಿಕೊಂಡು, “ಯಾಕೆ, ಇಷ್ಟು ದಿನ ಕೇಳೋಕೆ ಏನಾಗಿತ್ತು ನಿನಗೆ?” ಎಂದರು.

ಮಟ್ಟಣ್ಣ ಗೇರ್ ಇಳಿಸಿ ತಿರುವು ದಾಟಿದ. ಎಷ್ಟು ವರ್ಷ! ಎಷ್ಟು ಹಲ್ಲು ಕಡಿದದ್ದು, ಎಷ್ಟು ಊಟ ರುಚಿಸದೆ ಹೋದದ್ದು, ಒಂದು ಬೇರಿಂಗ್ ಕೆಡಲಿ ಎಂದು ಕಾದದ್ದು. ಎಲ್ಲ ಒಬ್ಬ ಮುದುಕ ಹೆದರಿ ಮುಚ್ಚಿಕೊಂಡ ಕಣ್ಣಿಗಾಗಿ. ನಗಬೇಕೋ ಅಳಬೇಕೋ ತಿಳಿಯದೆ, ಇದನ್ನು ಕೇಳಿಸಿಕೊಂಡ ಷಡ್ಡಕನ ಮುಖ ಹೇಗಾಗಿದೆ ನೋಡೋಣವೆಂದು ಕನ್ನಡಿಗೆ ಕಣ್ಣೆತ್ತಿದ.

ಷಡ್ಡಕ ಏನೂ ಕೇಳಿಸಿಕೊಂಡಿರಲಿಲ್ಲ. ಅಗಲ ಎದೆಯ ಮೇಲೆ ಗದ್ದ ಊರಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಬೆಟ್ಟದ ತಿರುವಿನಲ್ಲಿ, ಬೇರೆಯವನ ಕಾರಿನಲ್ಲಿ, ನಿನ್ನೆಯಷ್ಟೇ ತಾವಿಬ್ಬರೂ ಕೈಯಾರೆ ಬಿಗಿದ ಬೋಲ್ಟಿನ ಮೇಲೆ ಕುಳಿತು, ಒಂದು ಚೂರೂ ಅನುಮಾನವಿಲ್ಲದೆ ಮಗುವಿನ ಹಾಗೆ ನಿದ್ದೆ. ಮಟ್ಟಣ್ಣ ಯಾರ ಕಾರಿನಲ್ಲೂ ಹಾಗೆ ನಿದ್ದೆ ಮಾಡಿದವನಲ್ಲ, ತನ್ನ ಮನೆಯ ಮಂಚದ ಮೇಲೂ ಇಲ್ಲ. ಅವನು ಕನ್ನಡಿಯಲ್ಲಿ ಆ ಮುಖವನ್ನು ಮತ್ತೊಮ್ಮೆ ನೋಡಿದ, ಮತ್ತೆ ಹೊಟ್ಟೆ ಉರಿಯಿತು. ಆದರೂ ಮುಂದಿನ ತಿರುವನ್ನು, ಅವನಿಗೆ ಎಚ್ಚರವಾಗದಿರಲಿ ಎಂದು, ಬಹಳ ನಿಧಾನವಾಗಿ ತಿರುಗಿಸಿದ.